ಲೇಡೀಸ್ ಡಬ್ಬಾದಲ್ಲಿ ಕತ್ತರಿಸಿದ ಮೈಕಾ

ಟ್ರಾನ್ಸಿಸ್ಟರ್‌ನ ಬೆನ್ನಿನಲ್ಲಿ ಕರೆಂಟ್ ಇರುತ್ತದೆ. ಆ ಬೆನ್ನು ಹೀಟ್‌ಸಿಂಕ್ ಎಂಬ ರೆಕ್ಕೆಗಳಿರುವ ಅಲ್ಯೂಮಿನಿಯಂ ಪಟ್ಟಿಗೆ ಒತ್ತಿಕೊಂಡು ಕೂರಬೇಕು, ಯಾಕೆಂದರೆ ಅದರ ಬಿಸಿ ಪಟ್ಟಿಗೆ ಇಳಿಯಬೇಕು. ಆದರೆ ಪಟ್ಟಿಗೆ ತಾಗಬಾರದು, ಯಾಕೆಂದರೆ ಕರೆಂಟ್ ಇಳಿಯಬಾರದು. ತಾಗಿತೋ, ಆ ಪಟ್ಟಿಗೆ ಸೇರಿದ ಹೊರಗಿನ ಲೋಹದ ಡಬ್ಬಿಗೆ ಕೈಯಿಟ್ಟವನು ಹಾರಿ ಬೀಳುತ್ತಾನೆ. ಒತ್ತಬೇಕು, ತಾಗಬಾರದು. ಈ ಎರಡರ ನಡುವೆ ಒಂದು ತೆಳ್ಳಗಿನ ಮೈಕಾ ಕೂರುತ್ತದೆ. ನಮ್ಮೂರ ಕಡೆ ಅದಕ್ಕೆ ಕಾಗೆಬಂಗಾರ ಎನ್ನುತ್ತಾರೆ. ಅದನ್ನು ಕೂರಿಸುವುದು ನನ್ನ ಕೆಲಸವಾಗಿತ್ತು.

ಘಣಸೋಲಿಯ ಹಳೆ ಊರು ದಾಟಿದರೆ ಕಾರ್ಖಾನೆಗಳ ಸಾಲು. ಅದರಲ್ಲಿ ಒಂದು ಗಾಲಾ ನಮ್ಮದು. ಗಾಲಾ ಎಂದರೆ ಮುಂದೆ ಶಟರ್ ಇರುವ ಉದ್ದದ ಕೋಣೆ, ಅಷ್ಟೇ. ಇ-ರಿಕ್ಷಾದ ಬ್ಯಾಟರಿಗೆ ಚಾರ್ಜರ್ ಮಾಡುತ್ತೇವೆ. ಧಣಿ ಉಡುಪಿ ಕಡೆಯವರು. ಡೊಂಬಿವಲಿಯಲ್ಲಿ ಅವರ ಅಪ್ಪನ ಹೋಟೆಲಿಗೆ ನಾನು ಹಿಟ್ಟು ರುಬ್ಬಿದವಳು. ಮಗನಿಗೆ ಹೋಟೆಲು ಬೇಡವಾಯಿತು, ಚಾರ್ಜರ್ ಹಿಡಿದರು, ನಾನೂ ಹಿಂದೆಯೇ ಬಂದೆ. ಅದಕ್ಕಿಂತ ಹೆಚ್ಚು ನನ್ನ ಪುರಾಣ ಬೇಡ. ಈಗ ಹೇಳುವುದು ಒಂದು ಮಳೆಗಾಲದ ಮಾತು, ನನ್ನ ಸ್ಟೂಲಿನ ಮಾತು.

ಆ ಸ್ಟೂಲು ಬೆಂಚಿನ ತುದಿಯಲ್ಲಿದೆ, ಬೆಳಕು ಬೀಳುವ ಕಡೆ. ಅಲ್ಲಿ ಕೂತವಳು ಮೊದಲು ಪಟ್ಟಿಯ ತೂತಿನ ಬಾಯಿಗೆ ಹತ್ತಿ ಸವರಬೇಕು. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಡ್ರಿಲ್ ಬಿಟ್ಟುಹೋದ ಮುಳ್ಳು ಇದೆ ಎಂದು ಅರ್ಥ. ಕಣ್ಣಿಗೆ ಕಾಣುವುದಿಲ್ಲ, ಆದರೆ ಮೈಕಾವನ್ನು ಚುಚ್ಚುತ್ತದೆ. ದಪ್ಪ ಡ್ರಿಲ್ ಬಿಟ್ ಒಂದನ್ನು ಕೈಯಲ್ಲೇ ತಿರುವಿ ಅದನ್ನು ಹೆರೆಯಬೇಕು. ಆಮೇಲೆ ಬಿಳಿ ಪೇಸ್ಟು. ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ ಸವರಬೇಕು. ಹೊಸಬರು ಚಟ್ನಿ ಬಡಿಸಿದ ಹಾಗೆ ಬಡಿಸುತ್ತಾರೆ, ಅದು ಬಿಸಿಯನ್ನು ತಡೆಯುತ್ತದೆ. ಪೇಸ್ಟಿನ ಮೇಲೆ ಮೈಕಾ, ಮೈಕಾದ ಮೇಲೆ ಮತ್ತೆ ತೆಳ್ಳಗೆ ಪೇಸ್ಟು, ಅದರ ಮೇಲೆ ಟ್ರಾನ್ಸಿಸ್ಟರ್. ಸ್ಕ್ರೂ ಕೂಡ ಲೋಹವೇ ತಾನೆ. ಅದು ಬೆನ್ನಿಗೆ ತಾಗಿದರೆ ಮೈಕಾ ಹಾಕಿ ಏನು ಬಂತು? ಅದಕ್ಕೆ ತೂತಿನೊಳಗೆ ನೈಲಾನ್ ಬುಷ್ ಎಂಬ ಪುಟ್ಟ ಕೊಳವೆ ಇಳಿಸಬೇಕು. ಮತ್ತೆ ವಾಷರ್, ಸ್ಕ್ರೂ. ಹೆಚ್ಚು ಬಿಗಿದರೆ ಮೈಕಾ ಬಿರಿಯುತ್ತದೆ. ಕಡಿಮೆ ಬಿಗಿದರೆ ಬಿಸಿ ಇಳಿಯದೆ ಟ್ರಾನ್ಸಿಸ್ಟರ್ ಸುಡುತ್ತದೆ. ಕೊನೆಗೆ ಮೀಟರಿನ ಒಂದು ಕಡ್ಡಿ ಟ್ರಾನ್ಸಿಸ್ಟರ್‌ನ ನಡುವಿನ ಕಾಲಿಗೆ, ಅದು ಬೆನ್ನಿಗೇ ಸೇರಿದ ಕಾಲು, ಇನ್ನೊಂದು ಕಡ್ಡಿ ಪಟ್ಟಿಗೆ. ಬೀಪ್ ಎಂದರೆ ಬಿಚ್ಚಬೇಕು. ಸುಮ್ಮನಿದ್ದರೆ ಪಕ್ಕದ ಸ್ಟೂಲಿಗೆ ತಳ್ಳಬೇಕು.

ಮೊದಲು ಮೈಕಾ ಇರಲಿಲ್ಲ. ಬೂದು ಬಣ್ಣದ ರಬ್ಬರ್ ಪ್ಯಾಡು ಕತ್ತರಿಸಿಯೇ ಬರುತ್ತಿತ್ತು. ಬೇಸಿಗೆಯ ಕೊನೆಗೆ ಧಣಿ ಅದನ್ನು ನಿಲ್ಲಿಸಿ ಮೈಕಾ ಹಾಳೆ ತರಿಸಿದರು. ಹಾಳೆಯನ್ನು ಸೂಜಿಯಿಂದ ಪದರ ಬಿಡಿಸಿ, ತಗಡಿನ ಅಚ್ಚು ಇಟ್ಟು ಕತ್ತರಿಸಿ, ತೂತು ಹೊಡೆಯಬೇಕು. ಇದನ್ನು ಕೆಲಸದ ಹೊತ್ತಿನಲ್ಲಿ ಮಾಡಿದರೆ ಮಾಲು ಹೊರಡುವುದಿಲ್ಲ. ಧಣಿ ಹಾಳೆಗಳ ಕಟ್ಟನ್ನು ಬೆಂಚಿನ ಮೇಲೆ ಇಟ್ಟು, ಮನೆಗೆ ಒಯ್ಯಿರಿ, ಕೈ ತೊಳೆದು ಕತ್ತರಿಸಿ ತನ್ನಿ, ಯಾರು ಎಷ್ಟು ಒಯ್ಯುವುದು ಎಂದು ನೀವೇ ನೋಡಿಕೊಳ್ಳಿ ಎಂದರು. ನಾವು ನೋಡಿಕೊಂಡೆವು.

ಮಳೆ ಹಿಡಿದ ಮೇಲೆ ಕಲ್ಯಾಣದ ರಿಕ್ಷಾ ಸ್ಟ್ಯಾಂಡಿನಿಂದ ಒಂದು ಚಾರ್ಜರ್ ವಾಪಸು ಬಂತು. ಡಬ್ಬಿಯ ಮೇಲೆ ಕೈಯಿಟ್ಟ ಡ್ರೈವರ್ ಹಿಂದಕ್ಕೆ ಬಿದ್ದು ಮೊಣಕೈ ಜಜ್ಜಿಕೊಂಡನಂತೆ. ಅದರ ಹಿಂದೆ ಮುಂಬ್ರಾದಿಂದ ಒಂದು ಬಂತು, ಮತ್ತೆ ಕಲ್ಯಾಣದಿಂದ. ಇವರೆಲ್ಲ ಪ್ಲಗ್ಗಿನ ಅರ್ಥಿಂಗ್ ಪಿನ್ನು ಮುರಿದು ಹಾಕಿರುತ್ತಾರೆ, ಶಾಕ್ ಹೊಡೆಯದೆ ಇನ್ನೇನು ಎಂದು ಧಣಿ ಮೊದಲ ದಿನ ಕೂಗಾಡಿದರು. ಮುರಿದಿರುತ್ತಾರೆ, ನಿಜ. ಆದರೆ ಪಿನ್ನು ಇಲ್ಲದಿದ್ದರೂ ಡಬ್ಬಿಗೆ ಕರೆಂಟ್ ಬರಲು ಒಳಗೆ ದಾರಿ ಬೇಕಲ್ಲ. ಆ ದಾರಿ ಇರುವುದು ನನ್ನ ಸ್ಟೂಲಿನ ಕೆಲಸದಲ್ಲಿ ಎಂದು ಅವರಿಗೂ ಗೊತ್ತು. ಮರುದಿನ ಬೆಂಚಿನ ತುದಿಗೆ ಬಂದು ನಿಂತರು.

"ಅಕ್ಕ, ಬೇಸರ ಮಾಡಬೇಡಿ. ನಿಮ್ಮ ಕಣ್ಣು ಮೊದಲಿನ ಹಾಗೆ ಇಲ್ಲ. ಸಾಕು ಇನ್ನು, ಮನೆಯಲ್ಲಿ ಕೂತ್ಕೊಳ್ಳಿ."

"ನಿಮ್ಮ ತಲೆಗೆ ಹಚ್ಚಿದ ಬಣ್ಣ ಕಿವಿಗೆ ಇಳಿದದ್ದು ನನಗೆ ಇಲ್ಲಿಂದ ಕಾಣ್ತದೆ. ಕಣ್ಣಿಗೆ ಎಂತ ಆಗಿದೆ?"

ಬೆಂಚಿನವರು ನಕ್ಕರು. ಅದೇ ತಪ್ಪಾಯಿತು. ನಗದಿದ್ದರೆ ಅವರು ಗೊಣಗಿಕೊಂಡು ಹೋಗುತ್ತಿದ್ದರು. ಈಗ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: ಗಣಪತಿ ಹಬ್ಬದವರೆಗೆ ನೋಡುತ್ತೇನೆ, ಅಷ್ಟರೊಳಗೆ ಈ ಶಾಕ್ ನಿಲ್ಲದಿದ್ದರೆ ಸ್ಟೂಲು ಬೇರೆಯವರಿಗೆ. ಮನೆಯಲ್ಲಿ ಕೂತು ಟಿವಿಯಲ್ಲಿ ಸೊಸೆಯಂದಿರು ಅಳುವುದನ್ನು ನೋಡುವ ಯೋಚನೆ ನನಗೆ ಇರಲಿಲ್ಲ. ಆಗಲಿ ಎಂದೆ.

ನನ್ನ ಮೊದಲ ಅನುಮಾನ ಡ್ರಿಲ್ಲಿನ ಮೇಲೆ. ಗಾಲಾದ ಹಿಂದೆ ಪಟ್ಟಿಗೆ ತೂತು ಹೊಡೆಯುವವನ ಬಳಿ ಹೋಗಿ, ನಿನ್ನ ಡ್ರಿಲ್ ಬಿಟ್ ಮೊಂಡಾಗಿದೆ, ನಿನ್ನ ಮುಳ್ಳಿನಿಂದ ನನ್ನ ಹೆಸರು ಕೆಡುತ್ತಿದೆ ಎಂದು ಜಗಳ ತೆಗೆದೆ. ಅವನು ಹೊಸ ಬಿಟ್ ತೆಗೆದು ತೋರಿಸಿದ. ನಾನು ನಂಬಲಿಲ್ಲ. ಪ್ರತಿ ತೂತಿನ ಬಾಯನ್ನೂ ಎರಡೂ ಕಡೆಯಿಂದ ಹೆರೆದೆ, ಹತ್ತಿ ಸವರಿದೆ, ಕೆನ್ನೆಗೂ ಉಜ್ಜಿ ನೋಡಿದೆ. ಹಾಗೆ ಮಾಡಿ ಒಟ್ಟಿಗೆ ಕಳಿಸಿದ ಮಾಲಿನ ಲಾಟಿನಿಂದಲೂ ಒಂದು ವಾಪಸು ಬಂತು. ತಪ್ಪು ಮುಳ್ಳಿನದಲ್ಲ ಎಂದಾಯಿತು. ಡ್ರಿಲ್ಲಿನವನ ಹತ್ತಿರ ತಪ್ಪಾಯಿತು ಎಂದು ಹೇಳಲಿಲ್ಲ. ಅವನ ಚಹಾ ನಾನೇ ತೆಗೆದುಕೊಂಡು ಹೋಗಿ ಯಂತ್ರದ ಪಕ್ಕ ಇಟ್ಟೆ. ಅವನಿಗೆ ತಿಳಿಯಿತು.

ಹಾಗಾದರೆ ಬಿಗಿತ ಹೆಚ್ಚಾಗಿ ಮೈಕಾ ಬಿರಿಯುತ್ತಿರಬೇಕು ಎಂದುಕೊಂಡೆ. ಸ್ಕ್ರೂ ಸ್ವಲ್ಪ ಸಡಿಲ ಬಿಟ್ಟೆ. ಎರಡು ಟ್ರಾನ್ಸಿಸ್ಟರ್ ಟೆಸ್ಟಿಂಗ್ ಮೇಜಿನ ಮೇಲೆಯೇ ಸುಟ್ಟು ವಾಸನೆ ಎದ್ದಿತು. ಧಣಿಗೆ ಇನ್ನೊಂದು ಮಾತು ಸಿಕ್ಕಿತು. ಕಣ್ಣು ಮಾತ್ರವಲ್ಲ, ಕೈಯಲ್ಲೂ ಬಲ ಇಲ್ಲ ಎಂದು ಹೇಳಿಕೊಂಡು ತಿರುಗಿದರು.

ಟೆಸ್ಟಿಂಗ್ ಮಾಡುವವಳು ಒಬ್ಬ ಎಂಜಿನಿಯರ್ ಹುಡುಗಿ. ಘೋಡಬಂದರ್ ರಸ್ತೆಯಲ್ಲಿ ಮನೆ. ಅಪ್ಪ ಅಮ್ಮ ಕನ್ನಡದವರು, ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ನನ್ನನ್ನು ಆಜೀ, ಅಂದರೆ ಅಜ್ಜಿ, ಎನ್ನುತ್ತಾಳೆ. ಗಾಜಿನ ಕೋಣೆಯಲ್ಲಿ ಏಸಿ ಹಾಕಿಕೊಂಡು ಕೂರುತ್ತಾಳೆಂದು ನಮಗೆಲ್ಲ ಹೊಟ್ಟೆಕಿಚ್ಚು. ಅವಳ ಬಳಿ ಮೆಗ್ಗರ್ ಇದೆ. ನನ್ನ ಮೀಟರು ಪುಟ್ಟ ಬ್ಯಾಟರಿಯದ್ದು, ಮೆಲ್ಲಗೆ ಬಾಗಿಲು ತಟ್ಟುತ್ತದೆ. ಮೆಗ್ಗರ್ ಐನೂರು ವೋಲ್ಟ್ ಕೊಟ್ಟು ಬಾಗಿಲನ್ನು ಒದೆಯುತ್ತದೆ. ಒದ್ದರೂ ತೆರೆಯದಿದ್ದರೆ ಮಾಲು ಪಾಸು. ಬಾಗಿಲು ಎಷ್ಟು ಗಟ್ಟಿಯೋ ಅದರಲ್ಲಿ ಕಾಣುವ ಅಂಕಿ ಅಷ್ಟು ದೊಡ್ಡದು.

ವಾಪಸು ಬಂದ ಚಾರ್ಜರುಗಳು ಅವಳ ಮೆಗ್ಗರಿನಲ್ಲೂ ಪಾಸಾಗುತ್ತಿದ್ದವು. ಅದೇ ದೊಡ್ಡ ತಲೆನೋವು. ಕಲ್ಯಾಣದಲ್ಲಿ ಶಾಕ್ ಹೊಡೆದದ್ದು ಘಣಸೋಲಿಗೆ ಬಂದು ಅವಳ ಕೋಣೆಯಲ್ಲಿ ಒಂದು ದಿನ ಕೂತರೆ ಸಾಧುವಾಗಿಬಿಡುತ್ತಿತ್ತು. ಅವಳು ಮೂರು ನಾಲ್ಕು ಸಲ ನೋಡಿದಳು. ಊಟದ ಹೊತ್ತಿಗೆ ಹೊರಗೆ ಬಂದು ನನ್ನ ಪಕ್ಕ ಕೂತಳು, ಶಟರಿನ ಹತ್ತಿರ. ಹೊರಗೆ ಮಳೆ ಬಡಿಯುತ್ತಿತ್ತು, ಅವಳ ಹಪ್ಪಳ ಮೆತ್ತಗಾಗಿತ್ತು. ಅದನ್ನೇ ಹಿಡಿದು ನೋಡುತ್ತಾ ಹೇಳಿದಳು.

"ಆಜೀ, ಅಂದರ್ ತೋ ಸಬ್ ಸೂಖಾ ಹೈ ನಾ."

ಒಳಗೆ ಎಲ್ಲ ಒಣ. ಏಸಿ ಗಾಳಿಯ ನೀರನ್ನೂ ಹೀರುತ್ತದೆ. ರಿಕ್ಷಾ ಸ್ಟ್ಯಾಂಡಿನಲ್ಲಿ ಏಸಿ ಯಾರು ಹಾಕಿದ್ದಾರೆ? ಇಬ್ಬರೂ ಸೇರಿ ಚಾರ್ಜರುಗಳನ್ನು ಶಟರಿನ ಬಳಿ ತಂದೆವು. ಬೇಸಿಗೆಯಲ್ಲಿ ರಬ್ಬರ್ ಪ್ಯಾಡು ಹಾಕಿ ಮಾಡಿದ ಒಂದು ಹಳೆಯದನ್ನೂ ಪಕ್ಕದಲ್ಲಿ ಇಟ್ಟೆವು. ಮರುದಿನ ಅವಳು ಮೆಗ್ಗರನ್ನು ಹೊರಗೆ ತಂದು ಅಲ್ಲೇ ಹಚ್ಚಿದಳು. ರಬ್ಬರಿನದ್ದು ಗಟ್ಟಿಯಾಗಿ ನಿಂತಿತು. ಮೈಕಾದವುಗಳ ಅಂಕಿ ಸರ್ರನೆ ಇಳಿಯಿತು, ಒಂದಂತೂ ಪೂರಾ ಸೊನ್ನೆಯ ಹತ್ತಿರ. ಇಷ್ಟನ್ನು ಕಂಡುಹಿಡಿದದ್ದು ಅವಳು. ನಾನಲ್ಲ. ನಾನು ಡಬ್ಬಿ ಹೊತ್ತೆ.

ಬಿಚ್ಚುವುದು ನನ್ನ ಪಾಲು. ಸ್ಕ್ರೂ ತೆಗೆದು, ತೆಳು ಬ್ಲೇಡಿನಿಂದ ಟ್ರಾನ್ಸಿಸ್ಟರ್ ಎಬ್ಬಿಸಿದೆ. ಮೈಕಾ ಬಿರಿದಿರಲಿಲ್ಲ, ತೂತೂ ಆಗಿರಲಿಲ್ಲ. ನಡುವಿನಲ್ಲಿ ಪೇಸ್ಟು ಚೆನ್ನಾಗಿಯೇ ಕೂತಿತ್ತು. ಆದರೆ ಪೇಸ್ಟು ಮುಗಿದು ಬರಿ ಮೈಕಾ ಕಾಣುವ ಅಂಚಿನಲ್ಲಿ ಪಸೆ ಇತ್ತು, ಬೆರಳಿಗೆ ಅಂಟುವ ಪಸೆ. ಕರೆಂಟ್ ಮೈಕಾವನ್ನು ತೂರಿಕೊಂಡು ಬಂದಿರಲಿಲ್ಲ. ಅಂಚು ಸುತ್ತಿಕೊಂಡು ಬಂದಿತ್ತು. ಆ ಪಸೆಯಲ್ಲಿ ಒಂದು ಕೆಂಪು ಕಣ ಕಂಡಿತು. ನನ್ನ ಹೋಗಿಬಿಟ್ಟ ಕಣ್ಣಿಗೇ ಕಂಡಿತು. ಕನ್ನಡಕ ಹಾಕಿದ ಎಂಜಿನಿಯರ್ ಹುಡುಗಿ ಏನದು ಎನ್ನುವಷ್ಟರಲ್ಲಿ ಅದನ್ನು ತೆಗೆದು ನಾಲಿಗೆಗೆ ಇಟ್ಟುಕೊಂಡೆ. "ಆಜೀ, ಥೂಕೋ!" ಎಂದು ಅವಳು ನನ್ನ ಬೆನ್ನಿಗೆ ಹೊಡೆದಳು. ಉಗಿದೆ, ಆದರೆ ರುಚಿ ಸಿಕ್ಕಿದ ಮೇಲೆ. ಮೊದಲು ಉಪ್ಪು. ಅದರ ಹಿಂದೆ ಖಾರ.

ಆ ರುಚಿ ನನಗೆ ಚೆನ್ನಾಗಿ ಗೊತ್ತು. ಪೇರಳೆ ಹಣ್ಣಿಗೆ ಹಾಕುವ ಮಸಾಲೆ.

ಸಂಜೆ ನಾವು ಘಣಸೋಲಿಯಿಂದ ಥಾಣೆಗೆ ಬಂದು, ಥಾಣೆಯಿಂದಲೇ ಹೊರಡುವ ಕಲ್ಯಾಣ ಲೋಕಲ್ಲಿಗೆ ಕಾಯುತ್ತೇವೆ. ಕಾದರೆ ಕೂರಲು ಜಾಗ ಸಿಗುತ್ತದೆ. ಲೇಡೀಸ್ ಡಬ್ಬಾದಲ್ಲಿ ನಮ್ಮದೊಂದು ಮೂಲೆ. ಒಬ್ಬಳು ಬ್ಯಾಂಕಿನವಳು, ಒಬ್ಬಳು ಟೀಚರ್, ಒಬ್ಬಳು ನರ್ಸು, ನಾನು, ನಮ್ಮ ಬೆಂಚಿನಲ್ಲಿ ನನ್ನ ಪಕ್ಕ ಕೂತು ಬೆಸುಗೆ ಹಾಕುವವಳು. ಅವಳ ಮನೆ ಕಲ್ಯಾಣದಲ್ಲಿ, ತವರು ವಿಜಯಪುರದ ಕಡೆ. ಆ ಮೂಲೆಯಲ್ಲಿ ಒಬ್ಬಳು ಬಟಾಣಿ ಚೀಲ ಬಿಚ್ಚಿದರೆ ಎಲ್ಲರ ಕೈಯೂ ಅದಕ್ಕೆ ಹೋಗುತ್ತದೆ. ಯಾರೂ ಕೇಳುವುದಿಲ್ಲ, ಯಾರೂ ಕೊಡು ಎನ್ನುವುದಿಲ್ಲ. ಮೆಂತ್ಯ ಸೊಪ್ಪು ಇರಲಿ, ಬೆಳ್ಳುಳ್ಳಿ ಇರಲಿ, ಮನೆ ಮುಟ್ಟುವುದರೊಳಗೆ ಬಿಡಿಸಿ ಮುಗಿದಿರುತ್ತದೆ.

ಮೈಕಾ ಹಾಳೆಗಳನ್ನು ಬೆಂಚಿನಿಂದ ಒಯ್ಯುತ್ತಿದ್ದದ್ದು ಈ ಕಲ್ಯಾಣದವಳು. ಉಳಿದವರಿಗೆ ಬೇಡವಾಗಿತ್ತು, ಅವಳಿಗೆ ಮೇಲಿನ ನಾಲ್ಕು ಕಾಸು ಬೇಕಾಗಿತ್ತು. ಕತ್ತರಿಸಿದ ಕೂಲಿಯನ್ನು ಧಣಿ ಬೆಂಚಿಗೆ ಒಟ್ಟಾಗಿ ಕೊಡುತ್ತಿದ್ದರು, ಯಾರಿಗೆ ಹೋಯಿತೆಂದು ನೋಡುತ್ತಿರಲಿಲ್ಲ. ಅವಳ ಮನೆ ಒಂದೇ ಕೋಣೆ, ಅದರಲ್ಲಿ ಅತ್ತೆಯ ಹಾಸಿಗೆ, ಎರಡು ಮಕ್ಕಳು. ಹಾಳೆ ಹರಡಲು ನೆಲ ಎಲ್ಲಿ? ಒಂದು ದಿನ ರೈಲಿನಲ್ಲೇ ಮಡಿಲ ಮೇಲೆ ದುಪಟ್ಟಾ ಹಾಸಿ ಕತ್ತರಿಸಲು ಕೂತಳು. ಎಲ್ಲರ ಕೈಯೂ ಹೋಯಿತು. ಬ್ಯಾಂಕಿನವಳು ಪರ್ಸಿನಿಂದ ಕತ್ತರಿ ತೆಗೆದಳು. ಟೀಚರ್ ಅಚ್ಚು ಹಿಡಿದಳು. ನರ್ಸು ಪದರ ಬಿಡಿಸುವುದರಲ್ಲಿ ನಮಗಿಂತ ಮುಂದೆ. ಕಳವಾ ದಾಟುವ ಹೊತ್ತಿಗೆ ಪೇರಳೆ ಮಾರುವವಳು ಬರುತ್ತಾಳೆ. ಹಣ್ಣು ನಾಲ್ಕು ಸೀಳಿ, ಉಪ್ಪುಖಾರ ತುಂಬಿ ಕೊಡುತ್ತಾಳೆ. ತಿನ್ನುವುದು, ಬೆರಳು ನೆಕ್ಕುವುದು, ಸೀರೆಗೆ ಒರೆಸುವುದು, ಮತ್ತೆ ಮೈಕಾ ಹಿಡಿಯುವುದು. ನಾನೂ ತಿಂದೆ. ಒಣಗಿದ ಉಪ್ಪು ಮೈಕಾದ ಮೇಲೆ ಕಾಣುವುದಿಲ್ಲ, ಮೀಟರಿಗೆ ಬೀಪ್ ಎನ್ನಿಸುವುದಿಲ್ಲ. ಮಳೆಯ ಗಾಳಿ ತಾಗಿದಾಗ ಅದು ನೀರು ಕುಡಿದು ದಾರಿ ಮಾಡಿಕೊಡುತ್ತದೆ. ಹೀಗೆಂದು ಹುಡುಗಿ ಆಮೇಲೆ ವಿವರಿಸಿದಳು.

ಧಣಿ ಬಂದರು. ಹುಡುಗಿ ಅಂಕಿ ತೋರಿಸಿದಳು, ಉಪ್ಪು ಎಂದಳು, ಯಾರದೋ ಕೈಯಿಂದ ಬಂದಿದೆ ಎಂದಳು. ಅಲ್ಲಿಗೆ ನಿಲ್ಲಿಸಿದಳು. ಬೆಂಚಿನಲ್ಲಿ ಕೆಲಸ ನಿಂತಿತು. ಕಲ್ಯಾಣದವಳ ಕೈಯಲ್ಲಿ ಬೆಸುಗೆ ಕಡ್ಡಿ ಸುಮ್ಮನೆ ಹೊಗೆಯಾಡುತ್ತಿತ್ತು.

"ಮೈಕಾ ಕತ್ತರಿಸಿದ್ದು ಯಾರು ಅಂತ ಹೇಳಿ ಅಕ್ಕ. ನಿಮ್ಮ ಸ್ಟೂಲಿನ ಮಾತು ಅಲ್ಲಿಗೆ ಮುಗೀತದೆ."

ಒಂದು ಹೆಸರು. ನನ್ನ ಕಣ್ಣೂ ಸರಿ, ಕೈಯೂ ಸರಿ, ಸ್ಟೂಲೂ ನನ್ನದು. ಕಲ್ಯಾಣದವಳ ಮೇಲೆ ನನಗೆ ಅಂಥ ಪ್ರೀತಿ ಏನೂ ಇರಲಿಲ್ಲ. ನನ್ನ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡರೆ ವಾಪಸು ಕೊಡುವವಳಲ್ಲ. ಮಾತು ಜಾಸ್ತಿ. ಆದರೆ ಈ ಬೆಂಚಿನಲ್ಲಿ ಇವತ್ತು ಮೈಕಾಕ್ಕೆ ಒಬ್ಬಳ ಹೆಸರು ಕೊಟ್ಟರೆ ನಾಳೆ ಸ್ಕ್ರೂವಿಗೆ ಒಬ್ಬಳದು, ನಾಡಿದ್ದು ಬೆಸುಗೆಗೆ ಒಬ್ಬಳದು. ಒಬ್ಬೊಬ್ಬಳೂ ಪಕ್ಕದವಳ ಕೈ ನೋಡಿಕೊಂಡು ಕೂರಬೇಕು. ಅಂಥ ಬೆಂಚಿನಲ್ಲಿ ನನಗೆ ಸ್ಟೂಲು ಇದ್ದೂ ಪ್ರಯೋಜನವಿಲ್ಲ.

"ರೈಲಿನಲ್ಲಿ ಕತ್ತರಿಸಿದ್ದು" ಎಂದೆ.

"ರೈಲಿನಲ್ಲಿ ಯಾರು?"

"ಲೇಡೀಸ್ ಡಬ್ಬಾ. ಬ್ಯಾಂಕಿನವಳು ಉಂಟು, ಟೀಚರ್ ಉಂಟು, ನರ್ಸು ಉಂಟು. ಎಲ್ಲರನ್ನೂ ಕೆಲಸದಿಂದ ತೆಗೀರಿ."

"ತಮಾಷೆ ಬೇಡ. ರೈಲಿಗೆ ಒಯ್ದದ್ದು ಯಾರು?"

"ಒಯ್ಯಿರಿ ಅಂದದ್ದು ನೀವು. ಕಟ್ಟು ಇಟ್ಟದ್ದು ಬೆಂಚಿನ ಮೇಲೆ, ಒಯ್ದದ್ದು ಬೆಂಚು. ಹೆಸರೇ ಬೇಕಾದರೆ ಥಾಣೆಯಲ್ಲಿ ಹತ್ತಿ ಆ ಡಬ್ಬಾದಲ್ಲಿ ಕೇಳಿ. ನಿಮ್ಮನ್ನು ಹತ್ತಿಸಿಕೊಳ್ಳುವುದಿಲ್ಲ, ಅದು ಬೇರೆ ಮಾತು."

ಅವರ ಮುಖ ಕೆಂಪಾಯಿತು. ಈ ಸಲ ಬೆಂಚಿನಲ್ಲಿ ಯಾರೂ ನಗಲಿಲ್ಲ.

"ಹಾಗಾದರೆ ಸ್ಟೂಲು ಬಿಡಿ."

"ಬಿಡ್ತೇನೆ. ಮನೆಗೆ ಹೋಗುವುದಿಲ್ಲ. ಈ ಲಾಟು ಇಷ್ಟನ್ನೂ ಬಿಚ್ಚಬೇಕು. ಯಾರು ಬಿಚ್ಚುತ್ತಾರೆ, ನೀವಾ?"

ಒರೆಸಿ ಕಳಿಸಿದರೆ ಆಗುವುದಿಲ್ಲವೇ ಎಂದು ಅವರು ಹುಡುಗಿಯನ್ನು ಕೇಳಿದರು. ಅವಳು ಇಲ್ಲ ಎಂದಳು, ಒಂದೇ ಮಾತು. ಅವರು ಶಟರಿನ ಬಳಿ ಹೋಗಿ ಟೆಂಪೋದವನನ್ನು ವಾಪಸು ಕಳಿಸಿದರು.

ಕಟ್ಟಿದ ಮಾಲನ್ನು ಬಿಚ್ಚುವುದು ಮಾಡುವುದಕ್ಕಿಂತ ಕಷ್ಟ. ಕಾಲುಗಳಿಗೆ ಬೆಸುಗೆ ಬಿದ್ದಿರುತ್ತದೆ. ಸ್ಕ್ರೂ ತೆಗೆದು ಎಳೆದರೆ ಕಾಲು ಮುರಿಯುತ್ತದೆ. ಮೊದಲು ಬೆಸುಗೆ ಕರಗಿಸಿ ಹೀರಿ ತೆಗೆಯಬೇಕು, ಆಮೇಲೆ ಸ್ಕ್ರೂ, ಆಮೇಲೆ ಬ್ಲೇಡು. ಹಳೆ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು, ಪಟ್ಟಿಯನ್ನೂ ಟ್ರಾನ್ಸಿಸ್ಟರ್‌ನ ಬೆನ್ನನ್ನೂ. ಹಳೆ ಮೈಕಾ ಏಳುವಾಗಲೇ ಚೂರಾಗುತ್ತಿತ್ತು, ಎಲ್ಲ ಕಸಕ್ಕೆ. ಅವಸರದಲ್ಲಿ ಕೆಲವು ಟ್ರಾನ್ಸಿಸ್ಟರ್‌ಗಳ ಕಾಲನ್ನು ನಾನೇ ಮುರಿದೆ. ಹೊಸ ಮೈಕಾವನ್ನು ಬೆಂಚಿನಲ್ಲೇ ಕೂತು ಕತ್ತರಿಸಿದೆವು, ಸ್ಪಿರಿಟ್ಟಿನಲ್ಲಿ ಅದ್ದಿದೆವು, ಒಗೆದ ಬಟ್ಟೆಯ ಮೇಲೆ ಒಣಗಿಸಿದೆವು, ಚಿಮಟದಲ್ಲಿ ಮಾತ್ರ ಹಿಡಿದೆವು. ಹುಡುಗಿ ಹೊಸ ನಿಯಮ ಮಾಡಿದಳು. ತಯಾರಾದ ಮಾಲು ಒಂದು ರಾತ್ರಿ ಶಟರಿನ ಬಳಿ ಮಳೆಗಾಳಿಗೆ ಕೂರಬೇಕು, ಅಲ್ಲೇ ಮೆಗ್ಗರ್ ಹಚ್ಚಬೇಕು. ಮೊದಲ ದಿನ ಹಚ್ಚಿದಾಗ ಎಲ್ಲರೂ ಎದ್ದು ಬಂದು ಅವಳ ಸುತ್ತ ನಿಂತರು. ಅಂಕಿ ಇಳಿಯಲಿಲ್ಲ.

ಲಾಟು ಹೊರಟ ಮರುದಿನ ಧಣಿ ಬೆಂಚಿನ ತುದಿಗೆ ಬಂದರು. ಆಡಿದ ಮಾತು ಬಿಡುವ ಜನ ಅಲ್ಲ ಅವರು, ಅಪ್ಪನೂ ಹಾಗೆಯೇ ಇದ್ದರು. ಜೋಡಿಸುವ ಸ್ಟೂಲಿಗೆ ಎಳೆಯ ಕಣ್ಣು ಬೇಕು, ಕೈಯಲ್ಲಿ ಬಲ ಬೇಕು ಎಂದರು. ಬೆಂಚಿನ ಉದ್ದಕ್ಕೂ ನೋಡಿ ಕಲ್ಯಾಣದವಳಿಗೆ ಬೆರಳು ತೋರಿಸಿದರು. ಇನ್ನು ಮೇಲೆ ನೀನು ಇಲ್ಲಿ. ಅಕ್ಕ ಪಕ್ಕದಲ್ಲಿ ಪಟ್ಟಿ ಒರೆಸಲಿ.

ಅವಳು ಬಿಳಚಿಕೊಂಡಳು. ನಾನು ಎದ್ದು ನನ್ನ ದಿಂಬು ತೆಗೆದುಕೊಂಡು ಪಕ್ಕಕ್ಕೆ ಸರಿದೆ. ನಗು ಬಂತು, ತಡೆದುಕೊಂಡೆ. ಆ ದಿನ ಸಂಜೆ ರೈಲಿನಲ್ಲಿ ಅವಳು ಪೇರಳೆ ಕೊಳ್ಳಲಿಲ್ಲ. ಮುಂಬ್ರಾ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕಾರ, ನಾ ನಾಳೆ ಹೋಗಿ ಅವರಿಗೆ ಹೇಳಿಬಿಡ್ತೀನ್ರಿ. ನನಗ ತಡಕೊಳ್ಳಾಕ ಆಗವಲ್ದು."

"ಹೇಳಿದರೆ ನಿನ್ನ ಕೆಲಸವೂ ಹೋಗ್ತದೆ, ನನ್ನ ಮಾತೂ ಹೋಗ್ತದೆ. ಸುಮ್ಮನೆ ಕೂತ್ಕೋ."

"ಮತ್ತ ನಿಮ್ಮ ಜಾಗಾ?"

"ನನ್ನ ಜಾಗ ನಿನ್ನ ಪಕ್ಕ. ಮೊದಲು ಎಲ್ಲಿ ಇತ್ತು?"

ಅವಳು ಮೂಗು ಒರೆಸಿಕೊಂಡಳು. ಬ್ಯಾಂಕಿನವಳು ಏನಾಯಿತು ಎಂದು ಮರಾಠಿಯಲ್ಲಿ ಕೇಳಿದಳು. ಏನಿಲ್ಲ, ಇವಳಿಗೆ ಬಡ್ತಿ ಸಿಕ್ಕಿದೆ ಎಂದೆ. ನರ್ಸು ಚಪ್ಪಾಳೆ ತಟ್ಟಿದಳು.

ಈಗ ಬೆಳಿಗ್ಗೆ ಅವಳು ಸ್ಟೂಲಿಗೆ ಕೂರುವ ಮೊದಲು ನಾನು ಕೈ ಹಿಡಿದು ಮೂಸುತ್ತೇನೆ, ಎರಡೂ ಕೈ. ಒಂದು ದಿನವೂ ಬಿಟ್ಟಿಲ್ಲ. ಧಣಿ ತಮ್ಮ ಕೋಣೆಯಿಂದ ನೋಡುತ್ತಾರೆ. ಮುದುಕಿಗೆ ಅರಳುಮರಳು ಎಂದುಕೊಳ್ಳುತ್ತಾರೋ ಏನೋ, ನಾನು ಕೇಳಿಲ್ಲ. ಕೆಲಸ ಅವಳಿಗೆ ಬಂದಿದೆ. ಪೇಸ್ಟು ಇನ್ನೂ ಸ್ವಲ್ಪ ಹೆಚ್ಚೇ ಹಚ್ಚುತ್ತಾಳೆ, ಹೇಳಿದರೆ ಕೇಳುವುದಿಲ್ಲ. ನನ್ನ ಸಣ್ಣ ಸ್ಕ್ರೂಡ್ರೈವರ್ ಇನ್ನೂ ಅವಳ ಹತ್ತಿರವೇ ಇದೆ.

ಮೊನ್ನೆ ಮೂಸಿದಾಗ ಉಗುರಿನ ಸಂದಿಯಲ್ಲಿ ಖಾರದ ವಾಸನೆ ಇತ್ತು. ತೊಳೆದು ಬಾ ಎಂದೆ.

"ಅದು ನಿನ್ನೀದ್ರಿ ಅಕ್ಕಾರ. ರೈಲಾಗಿಂದು."

"ನಿನ್ನೆಯದ್ದೇ ಮಾರಾಯ್ತಿ ಶಾಕ್ ಹೊಡೆಯುವುದು. ಸಾಬೂನು ಹಾಕು, ಮೊಣಕೈ ತನಕ."

ಗೊಣಗಿಕೊಂಡು ಎದ್ದು ಹೋದಳು. ಅವಳು ಬರುವ ತನಕ ಆ ಸ್ಟೂಲಿನ ಮೇಲೆ ನಾನು ಕೂತಿದ್ದೆ.